ಬೇಲಿಯ ಕಾಯಿ, ಯುದ್ಧಕಾಲದ ಮದ್ದು

ಗುಲಾಬಿ ಎಂದರೆ ನಮಗೆ ಹೂವು, ಹೆಚ್ಚೆಂದರೆ ಗುಲ್ಕನ್. ಪಕಳೆ ಉದುರಿದ ಮೇಲೆ ಗಿಡದಲ್ಲಿ ಉಳಿಯುವ ಪುಟ್ಟ ಕಾಯಿಯನ್ನು ಯಾರೂ ಗಮನಿಸುವುದಿಲ್ಲ. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮಕ್ಕಳಿಗೆ ಆಸರೆಯಾದದ್ದು ಇದೇ ಕಾಯಿ.

1939ರಲ್ಲಿ ಯುದ್ಧ ಆರಂಭವಾಯಿತು. ಜರ್ಮನಿಯ ಜಲಾಂತರ್ಗಾಮಿಗಳ ಕಾಟದಿಂದ ಹಡಗು ಸಂಚಾರ ಕುಂಠಿತವಾಗಿ, ಕಿತ್ತಳೆ ಮತ್ತು ನಿಂಬೆಯ ಆಮದು ತೀರಾ ಇಳಿಯಿತು. ‘ಸಿ’ ಜೀವಸತ್ವದ ಕೊರತೆಯಾದರೆ ಬರುವ ಕಾಯಿಲೆ ಸ್ಕರ್ವಿ. ವಸಡು ಊದಿ ರಕ್ತ ಒಸರುತ್ತದೆ, ಗಾಯ ಮಾಯುವುದಿಲ್ಲ, ಕೊನೆಗೆ ಪ್ರಾಣಕ್ಕೂ ಸಂಚಕಾರ.

ಕಾಡುಗುಲಾಬಿಯ ಕೆಂಪು ಕಾಯಿಗಳಿಂದ ಪಾನಕ, ಜಾಮ್ ಮಾಡುವುದು ಅಲ್ಲಿನ ಹಳ್ಳಿಯ ಮನೆಗಳಿಗೆ ಹೊಸದೇನಲ್ಲ. ಹೊಸದಾಗಿದ್ದುದು ಅಳತೆ. ‘ಸಿ’ ಜೀವಸತ್ವವನ್ನು ಗುರುತಿಸಿದ್ದಕ್ಕೆ ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್ ಜಾರ್ಜಿ ಅವರಿಗೆ 1937ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತ್ತು. ಬೇಲಿಯ ಈ ಕಾಯಿಯಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು ಸತ್ವವಿದೆ ಎಂದು ಪ್ರಯೋಗಾಲಯಗಳು ತೋರಿಸಿದವು.

1941ರಲ್ಲಿ ಸರ್ಕಾರವೇ ಕಾಯಿ ಸಂಗ್ರಹಕ್ಕೆ ಕರೆಕೊಟ್ಟಿತು. ಶಾಲಾ ಮಕ್ಕಳು, ಸ್ಕೌಟುಗಳು, ಮಹಿಳಾ ಸಂಘದವರು ಬುಟ್ಟಿ ಹಿಡಿದು ಹೊರಟರು. ತೂಕದ ಲೆಕ್ಕದಲ್ಲಿ ಪುಡಿಗಾಸೂ ಸಿಗುತ್ತಿತ್ತು. ಮೊದಲ ವರ್ಷವೇ ಸುಮಾರು 200 ಟನ್ ಸಂಗ್ರಹವಾಯಿತು. ಕಾರ್ಖಾನೆಗಳಲ್ಲಿ ತಯಾರಾದ ಪಾನಕ ಔಷಧಿ ಅಂಗಡಿಗಳಿಗೆ ಬಂತು.

ಮನೆಯಲ್ಲೇ ಮಾಡಿಕೊಳ್ಳುವವರಿಗಾಗಿ ಆಹಾರ ಇಲಾಖೆ ವಿಧಾನವನ್ನೂ ಪ್ರಕಟಿಸಿತು. ಸುಮಾರು 900 ಗ್ರಾಂ ಕಾಯಿಯನ್ನು ಅರೆದ ತಕ್ಷಣ ಕುದಿಯುವ ನೀರಿಗೆ ಹಾಕಬೇಕು. ಮತ್ತೆ ಕುದಿ ಬಂದೊಡನೆ ಇಳಿಸಿ, 15 ನಿಮಿಷ ಬಿಟ್ಟು, ಫ್ಲಾನೆಲ್ ಬಟ್ಟೆಯ ಚೀಲದಲ್ಲಿ ಸೋಸಬೇಕು. ಬೀಜದ ಸುತ್ತ ಇರುವ ಸುಂಕು ಗಂಟಲು ಕೆರೆಯುವುದರಿಂದ ಮೊದಲು ಇಳಿದ ರಸವನ್ನು ಇನ್ನೊಮ್ಮೆ ಸೋಸಬೇಕು. ಕೊನೆಗೆ ರಸವನ್ನು ಬತ್ತಿಸಿ, ಸುಮಾರು 570 ಗ್ರಾಂ ಸಕ್ಕರೆ ಹಾಕಿ ಐದು ನಿಮಿಷ ಕುದಿಸಬೇಕು. ಆಗ ತಲೆಗೆ ವಾರಕ್ಕೆ ಸಿಗುತ್ತಿದ್ದ ಪಡಿತರ ಸಕ್ಕರೆ ಸುಮಾರು 225 ಗ್ರಾಂ. ಅಂದರೆ ಒಂದು ಸಲದ ಪಾನಕಕ್ಕೆ ಒಬ್ಬರ ಎರಡೂವರೆ ವಾರದ ಸಕ್ಕರೆ ಖರ್ಚು! ಪಾನಕವನ್ನು ಚಿಕ್ಕ ಸೀಸೆಗಳಲ್ಲಿ ತುಂಬಿ ಕತ್ತಲಲ್ಲಿ ಇಡಬೇಕಿತ್ತು. ಮುಚ್ಚಳ ತೆಗೆದರೆ ಒಂದೆರಡು ವಾರವಷ್ಟೇ ಬಾಳಿಕೆ.

ಇಷ್ಟೊಂದು ಕಟ್ಟುನಿಟ್ಟು ಏಕೆ? ಗಾಳಿ, ಬೆಳಕು, ಶಾಖ ಮತ್ತು ತಾಮ್ರ ಈ ಜೀವಸತ್ವದ ವೈರಿಗಳು. ಈ ಪಾಠವನ್ನು ಬ್ರಿಟನ್ ದುಬಾರಿ ಬೆಲೆ ತೆತ್ತು ಕಲಿತಿತ್ತು. ಹಡಗಿನ ವೈದ್ಯ ಜೇಮ್ಸ್ ಲಿಂಡ್ 1747ರಲ್ಲೇ 12 ನಾವಿಕರ ಮೇಲೆ ಪ್ರಯೋಗ ನಡೆಸಿ, ಕಿತ್ತಳೆ ಮತ್ತು ನಿಂಬೆ ಸ್ಕರ್ವಿಗೆ ಮದ್ದೆಂದು ತೋರಿಸಿದ್ದ. 1795ರಲ್ಲಿ ನೌಕಾಪಡೆ ನಿಂಬೆರಸವನ್ನು ಕಡ್ಡಾಯ ಮಾಡಿತು. ಆದರೆ 19ನೇ ಶತಮಾನದ ಉತ್ತರಾರ್ಧದಲ್ಲಿ ಮೆಡಿಟರೇನಿಯನ್ ತೀರದ ದೊಡ್ಡ ನಿಂಬೆಯ ಬದಲು ವೆಸ್ಟ್ ಇಂಡೀಸ್‌ನ ಸಣ್ಣ ನಿಂಬೆ ಬಂತು. ಅದರಲ್ಲಿ ಸತ್ವ ಕಡಿಮೆ. ಶೇಖರಿಸಿಟ್ಟಾಗ ಇದ್ದುದೂ ನಷ್ಟ. ಧ್ರುವಯಾತ್ರೆಗಳಲ್ಲಿ ಸ್ಕರ್ವಿ ಮತ್ತೆ ತಲೆಯೆತ್ತಿತು. ನಿಂಬೆಯಲ್ಲಿ ಮದ್ದೇ ಇಲ್ಲವೇನೋ ಎಂದು ವೈದ್ಯರೇ ಅನುಮಾನಿಸಿದರು. ಮದ್ದಿನ ಹೆಸರು ಉಳಿದಿತ್ತು, ಗುಣ ಹೋಗಿತ್ತು.

ನಮ್ಮ ನೆಲ್ಲಿಕಾಯಿಯ ಕಥೆಯೂ ಇದಕ್ಕೆ ಹತ್ತಿರವೇ. ಆಯುರ್ವೇದದ ಚ್ಯವನಪ್ರಾಶದಲ್ಲಿ ಅದಕ್ಕೆ ಅಗ್ರಸ್ಥಾನ. ಅದು ‘ಸಿ’ ಜೀವಸತ್ವದ ಭಂಡಾರ ಎಂಬುದನ್ನು 1930ರ ದಶಕದಲ್ಲಿ ನೀಲಗಿರಿಯ ಕೂನೂರಿನ ಪೋಷಣಾ ಪ್ರಯೋಗಾಲಯ ಅಳೆದು ತೋರಿಸಿತು. ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮೂಲ ಅದೇ.

ಗುಲಾಬಿ ಕಾಯಿ ನೀಗಿಸಿದ್ದು ಒಂದು ನಿರ್ದಿಷ್ಟ ಕೊರತೆಯನ್ನು; ಅದು ಸರ್ವರೋಗಕ್ಕೂ ಸಂಜೀವಿನಿಯಲ್ಲ. ಬೇಲಿಯ ಹಣ್ಣೆಲ್ಲ ಮದ್ದೂ ಅಲ್ಲ: ಅದೇ ಬ್ರಿಟನ್ನಿನಲ್ಲಿ ಬೆಳೆಯುವ ಬೆಲ್ಲಡೋನಾದ ಹೊಳೆಯುವ ಕಪ್ಪು ಹಣ್ಣು ಕಡುವಿಷ. ಯಾವ ಕಾಯಿ, ಯಾವ ಕೊರತೆಗೆ, ಹೇಗೆ ಸಿದ್ಧಪಡಿಸಬೇಕು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಸಿಕ್ಕಿದ್ದರಿಂದಲೇ ಅಜ್ಜಿಯ ಪಾನಕ ದೇಶದ ಮದ್ದಾಯಿತು.