ಮೈಸೂರಿನ ಎಂಜಿನ್ ಎಲ್ಲಿ ನಿಂತಿತು?

1961ರಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಮೊದಲ ಜಾವಾಗಳು ಹೊರಬಂದವು. 1996ರಲ್ಲಿ ಅದೇ ಕಾರ್ಖಾನೆಯ ಬಾಗಿಲು ಮುಚ್ಚಿತು. ಟೂ-ಸ್ಟ್ರೋಕ್ ಎಂಜಿನ್ನಿನ ಕಾಲ ಮುಗಿದಿತ್ತು, ಅದಕ್ಕೇ ಮುಚ್ಚಿತು ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಆದರೆ ಇಂದು ಆಸ್ಟ್ರಿಯಾದ ಗಣಿಗುಡ್ಡವನ್ನೋ ರೊಮೇನಿಯಾದ ಕಾಡನ್ನೋ ಹತ್ತುವ ಎಂಡ್ಯೂರೊ ಸವಾರನನ್ನು ಕೇಳಿ ನೋಡಿ, ಅವನ ಕಾಲ ಕೆಳಗಿರುವುದು ಬಹುಪಾಲು 300 ಸಿಸಿಯ ಟೂ-ಸ್ಟ್ರೋಕ್. ಮುಗಿದುಹೋದ ಎಂಜಿನ್ ಅಲ್ಲಿ ಹೇಗೆ ಬದುಕಿತು? ಇಲ್ಲಿ ಯಾಕೆ ಸತ್ತಿತು?

ಎಂಡ್ಯೂರೊ ಎಂದರೆ ತಾಳಿಕೆಯ ಓಟ. ಅದರ ಮೂಲ 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಶುರುವಾದ ಅಂತರರಾಷ್ಟ್ರೀಯ ಆರು ದಿನಗಳ ಸ್ಪರ್ಧೆ. ಬೆಟ್ಟ, ಕೆಸರು, ಕಲ್ಲುದಾರಿಗಳಲ್ಲಿ ಆರು ದಿನ ಗಾಡಿ ಓಡಿಸಬೇಕು, ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು, ಅದಕ್ಕೆ ಹಿಡಿದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಇಂಥ ಕಡೆ ಟೂ-ಸ್ಟ್ರೋಕ್‌ಗೆ ಸಹಜವಾದ ಅನುಕೂಲವಿತ್ತು. ಅದರ ತಲೆಯಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಎಂಜಿನ್ ಹಗುರ, ಕೆಡುವ ಭಾಗಗಳು ಕಡಿಮೆ. ಜೆಕೊಸ್ಲೊವಾಕಿಯಾದ ತಂಡ ತನ್ನ ದೇಶದ ಟೂ-ಸ್ಟ್ರೋಕ್ ಗಾಡಿಗಳ ಮೇಲೆ ಈ ಸ್ಪರ್ಧೆಯ ಮುಖ್ಯ ಟ್ರೋಫಿಯನ್ನು ಮತ್ತೆ ಮತ್ತೆ ಗೆದ್ದಿತು. 1970ರಿಂದ 1974ರವರೆಗೆ ಸತತ ಐದು ವರ್ಷ ಅದು ಅವರದೇ ಆಗಿತ್ತು.

ಆ ಗಾಡಿಗಳಲ್ಲಿ ಮುಖ್ಯವಾದದ್ದು ಜಾವಾ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್‌ಸೈಕಲ್ ತಯಾರಿಕೆಯನ್ನು ಕೊಂಡು, ಎರಡೂ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಅದು. ಈ ಜಾವಾವನ್ನು ಮೈಸೂರಿಗೆ ತಂದವರು ಮುಂಬೈನ ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಕಾರ್ಖಾನೆಯನ್ನು ಉದ್ಘಾಟಿಸಿದರು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರ್ ಆಗಿಯೂ ಗೇರ್ ಆಗಿಯೂ ಕೆಲಸ ಮಾಡುವ ಒಂದೇ ಲಿವರ್, ದೂರದಿಂದಲೇ ಗುರುತು ಹತ್ತುವ ಆ ಸದ್ದು: ಹಳೇ ಮೈಸೂರಿನವರಿಗೆ ಇದನ್ನೆಲ್ಲ ವಿವರಿಸಿ ಹೇಳಬೇಕಾಗಿಲ್ಲ. 1973ರಿಂದ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಹೆಸರು, ಟ್ಯಾಂಕು, ದೀಪಗಳು ಬದಲಾದರೂ ಎಂಜಿನ್ನಿನ ಒಳಗೆ ಗಾಳಿ ಹರಿಯುವ ಬಗೆ ಹೆಚ್ಚು ಬದಲಾಗಲಿಲ್ಲ. ಕಥೆಯ ಗಂಟು ಇರುವುದು ಅಲ್ಲೇ.

ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲೇರುವಾಗ ತಲೆಯ ಕಡೆ ಮಿಶ್ರಣವನ್ನು ಒತ್ತುತ್ತದೆ, ಬುಡದ ಕಡೆ ಹೊಸ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಕೆಳಗಿಳಿಯುವಾಗ ಸುಟ್ಟ ಹೊಗೆ ಒಂದು ಕಿಂಡಿಯಿಂದ ಹೊರಗೆ ಹೋಗುತ್ತದೆ, ಹೊಸ ಪೆಟ್ರೋಲು-ಗಾಳಿ ಇನ್ನೊಂದು ಕಿಂಡಿಯಿಂದ ಒಳಗೆ ಬರುತ್ತದೆ. ಸಮಸ್ಯೆ ಏನೆಂದರೆ ಎರಡು ಕಿಂಡಿಗಳೂ ಒಟ್ಟಿಗೇ ತೆರೆದಿರುತ್ತವೆ. ಬಂದ ಪೆಟ್ರೋಲಿನಲ್ಲಿ ಒಂದಷ್ಟು ಸುಡದೆಯೇ ಸೈಲೆನ್ಸರ್ ಹಾದಿ ಹಿಡಿಯುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಇದು ಕೆಲವೊಮ್ಮೆ ಮೂರನೇ ಒಂದು ಪಾಲಿನಷ್ಟಿತ್ತು. ಇದರ ಜೊತೆಗೆ ಪೆಟ್ರೋಲಿಗೆ ಬೆರೆಸಿದ 2ಟಿ ಆಯಿಲ್ ಕೂಡ ಉರಿದು ನೀಲಿ ಹೊಗೆಯಾಗುತ್ತದೆ. ಟೂ-ಸ್ಟ್ರೋಕ್‌ನ ಮುಂದಿನ ಇತಿಹಾಸವೆಲ್ಲ ಈ ಒಂದು ಸೋರಿಕೆಯನ್ನು ತಡೆಯುವ ಪ್ರಯತ್ನದ ಇತಿಹಾಸ.

ಮೊದಲ ದೊಡ್ಡ ಹೆಜ್ಜೆ ಪೂರ್ವ ಜರ್ಮನಿಯ ಎಂಜಡ್ ಕಾರ್ಖಾನೆಯಲ್ಲಿ ಬಿತ್ತು. ಹೊಟ್ಟೆ ಉಬ್ಬಿದ ಸೈಲೆನ್ಸರ್ ಕೊಳವೆಯನ್ನು ಸರಿಯಾದ ಅಳತೆಯಲ್ಲಿ ಮಾಡಿದರೆ, ಹೊರಗೆ ಹೋದ ಒತ್ತಡದ ಅಲೆ ತಿರುಗಿ ಬಂದು ತಪ್ಪಿಸಿಕೊಳ್ಳುತ್ತಿರುವ ಹೊಸ ಮಿಶ್ರಣವನ್ನು ಸಿಲಿಂಡರಿನೊಳಕ್ಕೆ ನೂಕುತ್ತದೆ. ಅಲ್ಲಿನ ಎಂಜಿನಿಯರ್ ವಾಲ್ಟರ್ ಕಾಡನ್ ಈ ವಿದ್ಯೆಯನ್ನು ಪಳಗಿಸಿ, 1961ರ ಹೊತ್ತಿಗೆ 125 ಸಿಸಿ ರೇಸ್ ಎಂಜಿನ್ನಿನಿಂದ 25 ಅಶ್ವಶಕ್ತಿ ತೆಗೆದ. ಅದೇ ವರ್ಷ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನ ವೇಳೆ ಪಶ್ಚಿಮಕ್ಕೆ ಪರಾರಿಯಾಗಿ ಸುಜುಕಿ ಸೇರಿದ. 1962ರಲ್ಲಿ ಸುಜುಕಿ 50 ಸಿಸಿ ವಿಶ್ವ ಚಾಂಪಿಯನ್ ಆಯಿತು. ಟೂ-ಸ್ಟ್ರೋಕ್ ವಿದ್ಯೆ ಜಪಾನಿಗೆ ಹೀಗೆ ಹೋಯಿತು. ಅದು ಮೈಸೂರಿನಲ್ಲಿ ಮೊದಲ ಜಾವಾಗಳು ಜೋಡಣೆಯಾಗುತ್ತಿದ್ದ ಕಾಲವೇ.

ಕಾಡನ್‌ನ ಕೊಳವೆಗೆ ಒಂದು ದೋಷವಿತ್ತು. ಅಲೆ ಸರಿಯಾದ ಹೊತ್ತಿಗೆ ಮರಳುವುದು ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ. ಅದಕ್ಕಿಂತ ಕೆಳಗೆ ಎಂಜಿನ್ ಸೊರಗುತ್ತದೆ, ಮೇಲೆ ಒಮ್ಮೆಗೇ ಹುಚ್ಚೇಳುತ್ತದೆ. ರೇಸ್ ಟ್ರ್ಯಾಕಿನಲ್ಲಿ ಇದು ನಡೆದೀತು. ಜಾರುವ ಬಂಡೆಯ ಮೇಲೆ ನಡೆಯುವಷ್ಟೇ ನಿಧಾನವಾಗಿ ಹತ್ತಬೇಕಾದ ಎಂಡ್ಯೂರೊ ಸವಾರನಿಗೆ ನಡೆಯದು. ಹಾಗಾಗಿ 1970ರ ದಶಕದಲ್ಲಿ ಒಳಬರುವ ಮಿಶ್ರಣ ಹಿಂದಕ್ಕೆ ಹೋಗದಂತೆ ತಡೆಯುವ ತೆಳು ಪಟ್ಟಿಯ ರೀಡ್ ವಾಲ್ವ್ ಬಳಕೆಗೆ ಬಂತು. ಆಮೇಲೆ ವೇಗಕ್ಕೆ ತಕ್ಕಂತೆ ಹೊಗೆಕಿಂಡಿಯ ಎತ್ತರವನ್ನೇ ಬದಲಿಸುವ ಪವರ್ ವಾಲ್ವ್ ಬಂತು. 1980ರ ದಶಕದಲ್ಲಿ ನೀರಿನ ತಂಪು ಸೇರಿತು. ಆಧುನಿಕ ಟೂ-ಸ್ಟ್ರೋಕ್ ಎಂಡ್ಯೂರೊ ಗಾಡಿಯ ಅಸ್ಥಿಪಂಜರ ಇಷ್ಟೇ.

ಆ ವರ್ಷಗಳಲ್ಲಿ ಮೈಸೂರಿನಲ್ಲಿ ಏನಾಗುತ್ತಿತ್ತು? ಕುಶಲ ಕೈಗಳಿಗೆ ಅಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಬದಲಾಗಲೇಬೇಕು ಎಂಬ ಒತ್ತಡಕ್ಕೆ. ಲೈಸೆನ್ಸ್ ರಾಜ್‌ನಲ್ಲಿ ಎಷ್ಟು ಗಾಡಿ ಮಾಡಬಹುದು ಎಂಬುದನ್ನು ಸರ್ಕಾರ ಹೇಳುತ್ತಿತ್ತು, ಹೊರಗಿನ ಗಾಡಿ ಒಳಗೆ ಬರುತ್ತಿರಲಿಲ್ಲ. 1980ರ ದಶಕದಲ್ಲಿ ಆ ಗೋಡೆ ಬಿರುಕು ಬಿಟ್ಟಿತು. ರೀಡ್ ವಾಲ್ವ್ ಇದ್ದ ರಾಜ್‌ದೂತ್ 350 ಮತ್ತು 1985ರ ಆರ್‌ಎಕ್ಸ್ 100 ಬಂದವು, ಅದೇ 1985ರಲ್ಲಿ ಫೋರ್-ಸ್ಟ್ರೋಕ್‌ನ ಹೀರೊ ಹೋಂಡಾ ಸಿಡಿ 100 ಬಂತು. ಲೀಟರಿಗೆ ಎಷ್ಟು ಕೊಡುತ್ತದೆ ಎಂಬ ಪ್ರಶ್ನೆಗೆ ಯೆಜ್ಡಿಯ ಬಳಿ ಒಳ್ಳೆಯ ಉತ್ತರ ಇರಲಿಲ್ಲ. 1996ರಲ್ಲಿ ದೇಶದ ಹೊಗೆ ನಿಯಮ ಬಿಗಿಯಾಯಿತು. ದ್ವಿಚಕ್ರ ವಾಹನ ಕಿಲೋಮೀಟರಿಗೆ 4.5 ಗ್ರಾಂಗಿಂತ ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಉಗುಳುವಂತಿಲ್ಲ ಎಂದಾಯಿತು. 2000ದಲ್ಲಿ ಆ ಮಿತಿ 2 ಗ್ರಾಂಗೆ ಇಳಿಯಿತು. ಐಡಿಯಲ್ ಜಾವಾ ಮುಚ್ಚಲು ಹಣದ ಮುಗ್ಗಟ್ಟು, ಕಾರ್ಮಿಕ ವಿವಾದಗಳೂ ಕಾರಣವಾದವು. ಆದರೆ ಅವು ಬಗೆಹರಿದಿದ್ದರೂ ಆ ಎಂಜಿನ್ ಈ ಗಡಿ ದಾಟುವುದು ಕಷ್ಟವಿತ್ತು.

ಯುರೋಪಿನಲ್ಲೂ ಟೂ-ಸ್ಟ್ರೋಕ್‌ಗೆ ಅದೇ ಕಾಲಕ್ಕೆ ಗಂಡಾಂತರ ಬಂದಿತ್ತು. 1998ರಲ್ಲಿ ಯಮಹಾ ವೈಜಡ್ 400 ಎಫ್ ಮಾರುಕಟ್ಟೆಗೆ ಬಂದ ಮೇಲೆ ಮೋಟೊಕ್ರಾಸ್ ಫೋರ್-ಸ್ಟ್ರೋಕ್ ಕಡೆ ವಾಲಿತು. ಎಂಡ್ಯೂರೊದಲ್ಲಿ ಮಾತ್ರ ಹಗುರತನಕ್ಕೆ ಬೆಲೆ ಇತ್ತು. ಕಡಿದಾದ ಗುಡ್ಡದಲ್ಲಿ ಸಿಕ್ಕಿಬಿದ್ದ ಗಾಡಿಯನ್ನು ಕೈಯಾರೆ ಎಳೆಯಬೇಕಾದವನಿಗೆ ಹತ್ತು ಕಿಲೋ ಕೂಡ ದೊಡ್ಡ ವ್ಯತ್ಯಾಸ. ಆಸ್ಟ್ರಿಯಾದ ಕೆಟಿಎಂನಂಥ ಕಂಪನಿಗಳು ಹಟ ಬಿಡಲಿಲ್ಲ. 2017ರಲ್ಲಿ ಕೆಟಿಎಂ ಕಾರ್ಬ್ಯುರೇಟರ್ ಕಿತ್ತು ಇಂಜೆಕ್ಷನ್ ಇರುವ ಎಂಡ್ಯೂರೊ ಟೂ-ಸ್ಟ್ರೋಕ್ ತೋರಿಸಿತು. ಸಿಲಿಂಡರಿಗೆ ಗಾಳಿ ಏರುವ ದಾರಿಯಲ್ಲೇ ಬೇಕಾದಷ್ಟು ಪೆಟ್ರೋಲನ್ನು, ಬೇಕಾದ ಕ್ಷಣದಲ್ಲಿ ಚಿಮ್ಮಿಸುವುದು, ಆಯಿಲನ್ನು ಬೇರೆ ಪಂಪಿನಿಂದ ಅಳೆದು ಕೊಡುವುದು ಅದರ ವಿಧಾನ. ಹಳೆಯ ಸೋರಿಕೆ ಇಲ್ಲವಾಗಲಿಲ್ಲ, ಆದರೆ ತುಂಬಾ ಕಡಿಮೆಯಾಯಿತು.

ಇದು ನಮ್ಮ ದೇಶಕ್ಕೆ ನಿಲುಕದ ವಿದ್ಯೆಯೂ ಆಗಿರಲಿಲ್ಲ. ಕೆಟಿಎಂಗಿಂತ ಸುಮಾರು ಹತ್ತು ವರ್ಷ ಮೊದಲೇ ಬಜಾಜ್ ಕಂಪನಿ ಆಸ್ಟ್ರೇಲಿಯಾದ ಆರ್ಬಿಟಲ್ ಜೊತೆ ಸೇರಿ, ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಟೂ-ಸ್ಟ್ರೋಕ್ ಆಟೋರಿಕ್ಷಾ ಮಾಡಿತ್ತು. ಅಷ್ಟರಲ್ಲಿ ಊರುಗಳು ಬೇರೆ ದಾರಿ ಹಿಡಿದಿದ್ದವು. ನಾನಿರುವ ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಇಂದು ಆಟೋ ಹಿಡಿದರೆ ಅದು ಸಿಎನ್‌ಜಿಯದು, ಬೀದಿಯಲ್ಲಿ ನೀಲಿ ಹೊಗೆ ಕಾಣುವುದಿಲ್ಲ. ಅದಕ್ಕಾಗಿ ಬೇಸರಪಡಬೇಕಿಲ್ಲ. ಲಕ್ಷಗಟ್ಟಲೆ ಹಳೆಯ ಟೂ-ಸ್ಟ್ರೋಕ್‌ಗಳನ್ನು ಊರೊಳಗಿಂದ ಹೊರಹಾಕಿದ್ದು ನಮ್ಮ ಶ್ವಾಸಕೋಶಗಳಿಗೆ ಆದ ಉಪಕಾರ. ಎಂಡ್ಯೂರೊ ಗಾಡಿ ಕೂಡ ದುಬಾರಿ, ಅದರ ಪಿಸ್ಟನ್ನನ್ನು ಪದೇ ಪದೇ ಬದಲಿಸಬೇಕು. ಹಾಲು ತರಲು ಹೋಗುವ ಗಾಡಿ ಅದಲ್ಲ.

ಆದರೂ ಮೈಸೂರಿನ ಲೆಕ್ಕ ಬೇರೆ. ಅಲ್ಲಿ ಸೋತದ್ದು ಎಂಜಿನ್ನಿನ ತತ್ವವಲ್ಲ, ಅದನ್ನು ತಿದ್ದುವ ಅಭ್ಯಾಸ. ಸ್ಪರ್ಧೆಯ ಕೆಸರು ಯುರೋಪಿನ ಎಂಜಿನಿಯರನಿಗೆ ವರ್ಷವರ್ಷವೂ ತಪ್ಪು ತೋರಿಸುತ್ತಿತ್ತು. ಕಾದು ನಿಂತ ಗಿರಾಕಿಗಳ ಸಾಲು ಮೈಸೂರಿನ ಎಂಜಿನಿಯರನಿಗೆ ಎಲ್ಲ ಸರಿಯಾಗಿದೆ ಎನ್ನುತ್ತಿತ್ತು. ಗಾಡಿ ಗಟ್ಟಿಯಾಗಿತ್ತು, ಜನ ಅದನ್ನು ಪ್ರೀತಿಸುತ್ತಿದ್ದರು. ಆ ಪ್ರೀತಿಯೇ ಸಾಕು ಎಂದುಕೊಂಡಲ್ಲಿ ಮೂವತ್ತೈದು ವರ್ಷ ಕಳೆದುಹೋದವು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮಾರುಕಟ್ಟೆಗೆ ಮರಳಿದವು, ಫೋರ್-ಸ್ಟ್ರೋಕ್ ಎಂಜಿನ್‌ಗಳೊಂದಿಗೆ. ಹಳೆಯ ಗಾಡಿಗಳು ಜುಲೈ ತಿಂಗಳ ಎರಡನೇ ಭಾನುವಾರ, ಜಾವಾ-ಯೆಜ್ಡಿ ದಿನದಂದು, ಊರೂರುಗಳಲ್ಲಿ ಹೊರಬರುತ್ತವೆ. ಅವುಗಳ ಕ್ರ್ಯಾಂಕ್ ಬಿಚ್ಚಿ ಮತ್ತೆ ಕೂಡಿಸಬಲ್ಲ ಮೆಕ್ಯಾನಿಕ್‌ಗಳು ಮೈಸೂರು, ಬೆಂಗಳೂರುಗಳಲ್ಲಿ ಇನ್ನೂ ಇದ್ದಾರೆ. ಕಾರ್ಖಾನೆ ಕಲಿಸಿದ ಕೈಗಳಿಂದ ಕೈಗಳಿಗೆ ದಾಟಿದ ವಿದ್ಯೆ ಅದು. ಉಳಿಸುವುದನ್ನು ಇಷ್ಟು ಚೆನ್ನಾಗಿ ಬಲ್ಲವರು, ಸಂದರ್ಭ ಸಿಕ್ಕಿದ್ದರೆ ಬದಲಿಸುವುದನ್ನೂ ಬಲ್ಲವರಾಗುತ್ತಿದ್ದರು.