ಹೊನ್ನಾವರದ ಮೂವತ್ತಾರು ಶಾಲೆಗಳೂ ನಮ್ಮೂರಿನ ಶಿಕ್ಷಕರೂ

ಭಟ್ಕಳದಿಂದ ಉತ್ತರಕ್ಕೆ ಹೊರಟು ಶರಾವತಿಯ ಸೇತುವೆ ದಾಟಿದರೆ ಹೊನ್ನಾವರ. ಇಂದು ನಾವು ಆ ಪಟ್ಟಣವನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಸಾಗಿಬಿಡುತ್ತೇವೆ. ಆದರೆ ಸುಮಾರು ಏಳು ಶತಮಾನಗಳ ಹಿಂದೆ ಪ್ರವಾಸಿಯೊಬ್ಬ ಅಲ್ಲಿ ನಿಂತು ನೋಡಿದ್ದನ್ನು ಜಗತ್ತು ಇಂದಿಗೂ ಓದುತ್ತಿದೆ.

1342ರ ಸುಮಾರಿಗೆ ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದ ಇಬ್ನ್ ಬತೂತಾ ಈ ಕರಾವಳಿಗೆ ಬಂದರು. ಆಗ ಹೊನ್ನಾವರವನ್ನು ಸುಲ್ತಾನ ಜಮಾಲುದ್ದೀನ್ ಆಳುತ್ತಿದ್ದನು. ಆ ಊರಿನಲ್ಲಿ ಗಂಡುಮಕ್ಕಳಿಗಾಗಿ 23, ಹೆಣ್ಣುಮಕ್ಕಳಿಗಾಗಿ 13 ಪಾಠಶಾಲೆಗಳಿದ್ದವೆಂದೂ, ಅಲ್ಲಿನ ಸ್ತ್ರೀಯರು ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದ್ದರೆಂದೂ, ಇಂಥದನ್ನು ತಾನು ಬೇರೆಲ್ಲಿಯೂ ಕಂಡಿಲ್ಲವೆಂದೂ ಅವರು ದಾಖಲಿಸಿದ್ದಾರೆ. ಮೆಕ್ಕಾ, ಕೈರೋ, ದಮಾಸ್ಕಸ್‌ಗಳನ್ನು ಕಂಡು ಬಂದ ವ್ಯಕ್ತಿಯ ಮಾತಿದು ಎಂಬುದನ್ನು ಮರೆಯಬಾರದು.

ಇಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಇಬ್ನ್ ಬತೂತಾ ತಮ್ಮ ಪ್ರವಾಸ ಕಥನವನ್ನು ಬರೆಸಿದ್ದು ತಾಯ್ನಾಡು ಮೊರೊಕ್ಕೊಗೆ ಮರಳಿದ ಮೇಲೆ. ಅದು ಪೂರ್ಣಗೊಂಡದ್ದು 1355ರಲ್ಲಿ. ಈ ನಡುವೆ ಹೊನ್ನಾವರಕ್ಕೂ ಬಾರ್ಕೂರಿಗೂ ನಡುವಿನ ಕಡಲಿನಲ್ಲಿ, ಅಂದರೆ ನಮ್ಮ ಭಟ್ಕಳದ ಆಸುಪಾಸಿನ ಸಮುದ್ರದಲ್ಲಿಯೇ, ಕಡಲ್ಗಳ್ಳರು ಅವರ ಬಳಿಯಿದ್ದುದನ್ನೆಲ್ಲ ದೋಚಿದ್ದರು. ಹತ್ತು ವರ್ಷಗಳಿಗೂ ಹೆಚ್ಚು ಕಾಲದ ನಂತರ ನೆನಪಿನಿಂದ ಹೇಳುವಾಗ ಹೊನ್ನಾವರದ ಖತೀಬರ ಹೆಸರು ಅವರಿಗೆ ನೆನಪಾಗಲಿಲ್ಲ. ಅದನ್ನು ಅವರೇ ಒಪ್ಪಿಕೊಂಡಿದ್ದಾರೆ. ಆದರೆ ಒಂದು ಹೆಸರು ಉಳಿದಿತ್ತು. ಕುರ್‌ಆನ್ ಬೋಧಿಸುತ್ತಿದ್ದ ಫಕೀಹ್ ಇಸ್ಮಾಯೀಲ್. ವಿರಕ್ತ, ಸಚ್ಚಾರಿತ್ರ್ಯವಂತ, ಉದಾರಿ. ಮಿಂಬರ್ ಏರಿ ಊರಿಗೆಲ್ಲ ಖುತ್ಬಾ ನೀಡುತ್ತಿದ್ದವರ ಹೆಸರು ಮರೆತುಹೋಯಿತು, ಪಾಠ ಹೇಳಿಕೊಡುತ್ತಿದ್ದವರ ಹೆಸರು ನೆನಪಿನಲ್ಲಿ ನಿಂತಿತು.

ಮೂವತ್ತಾರು ಶಾಲೆಗಳೆಂದರೆ ಕನಿಷ್ಠ ಮೂವತ್ತಾರು ಶಿಕ್ಷಕರು. ಹದಿಮೂರು ಬಾಲಕಿಯರ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದವರು ಯಾರು? ಅವರಲ್ಲಿ ಸ್ತ್ರೀಯರೆಷ್ಟು ಮಂದಿ? ಅವರ ಜೀವನೋಪಾಯವೇನಾಗಿತ್ತು? ಇತಿಹಾಸ ಶಾಲೆಗಳನ್ನು ಎಣಿಸಿತು, ಶಿಕ್ಷಕರನ್ನು ಎಣಿಸಲಿಲ್ಲ. ಈ ಅಭ್ಯಾಸ ನಮ್ಮಲ್ಲಿ ಇಂದಿಗೂ ಮುಂದುವರಿದಿದೆ.

ಇಸ್ಲಾಮಿನ ಆರಂಭಕಾಲದ ರೀತಿ ಹೀಗಿರಲಿಲ್ಲ. ಬದ್ರ್ ಯುದ್ಧದಲ್ಲಿ ಸೆರೆಸಿಕ್ಕ ಕುರೈಶರ ಪೈಕಿ ವಿಮೋಚನಾಧನ ಕೊಡಲಾಗದ, ಆದರೆ ಬರೆಯಲು ಬಲ್ಲವರಿಗೆ ಪ್ರವಾದಿ ಮುಹಮ್ಮದ್(ಸ) ಒಂದು ದಾರಿ ತೋರಿಸಿದರು. ಮದೀನಾದ ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಅವರು ಸ್ವತಂತ್ರರು. ಇಲ್ಲಿ ಎರಡು ಪಾಠಗಳಿವೆ. ಒಂದು, ಬೋಧನೆಗೆ ಬೆಲೆಯಿದೆ. ಒಬ್ಬ ಮನುಷ್ಯನ ಬಿಡುಗಡೆಗೆ ಅದು ಸಾಟಿಯಾಯಿತು. ಎರಡು, ಕಲಿಸುವವನ ಧರ್ಮ ಯಾವುದೆಂಬುದು ಅಕ್ಷರ ಕಲಿಕೆಗೆ ಅಡ್ಡಿಯಾಗಲಿಲ್ಲ. ಹಾಗೆಯೇ ಪ್ರವಾದಿಪತ್ನಿ ಹ. ಹಫ್ಸಾ(ರ) ಅವರಿಗೆ ಬರವಣಿಗೆ ಕಲಿಸಿದ ಶಿಫಾ ಬಿಂತ್ ಅಬ್ದುಲ್ಲಾಹ್(ರ) ಅವರ ಹೆಸರನ್ನು ಸಮುದಾಯ ಗೌರವದಿಂದ ಕಾಪಾಡಿಕೊಂಡು ಬಂದಿದೆ.

ಈಗ ನಮ್ಮೂರಿಗೆ ಬರೋಣ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರವರೆಗೆ ಇಲ್ಲಿನ ಶಾಲೆಗಳು ಮುಂಬಯಿಯ ಆಡಳಿತಕ್ಕೇ ಒಳಪಟ್ಟಿದ್ದವು. ಆ ಕಾಲದಲ್ಲಿ, 1919ರಲ್ಲಿ, ಭಟ್ಕಳದ ಹಿರಿಯರು ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆಯನ್ನು ಕಟ್ಟಿದರು. 1962ರಲ್ಲಿ ಜಾಮಿಯಾ ಇಸ್ಲಾಮಿಯಾ ಸ್ಥಾಪನೆಯಾಯಿತು. 1980ರಲ್ಲಿ ಅಂಜುಮನ್ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ವ್ಯಾಪಾರಕ್ಕಾಗಿ ಊರೂರು ಅಲೆದ ಸಮುದಾಯವೊಂದು ತನ್ನ ಗಳಿಕೆಯ ಪಾಲನ್ನು ಶಾಲೆಗೆ ಸುರಿದದ್ದು ಸಣ್ಣ ಸಂಗತಿಯಲ್ಲ. ಸ್ಥಾಪಕರನ್ನೂ ದಾನಿಗಳನ್ನೂ ನಾವು ಸ್ಮರಿಸುತ್ತೇವೆ, ಸ್ಮರಿಸಲೇಬೇಕು. ಆದರೆ ಆ ಗೋಡೆಗಳ ಒಳಗೆ ಮೂವತ್ತು ಮೂವತ್ತೈದು ವರ್ಷ ನಿಂತು ಪಾಠ ಹೇಳಿದವರ ಹೆಸರುಗಳನ್ನು ಎಲ್ಲಿ ಬರೆದಿಟ್ಟಿದ್ದೇವೆ?

ಭಟ್ಕಳದ ಶಿಕ್ಷಕರ ಕೆಲಸ ಬೇರೆಡೆಗಿಂತ ಹಗುರವಲ್ಲ. ನಮ್ಮ ಮಗು ಮನೆಯಲ್ಲಿ ನವಾಯತಿ ಆಡುತ್ತದೆ. ಮದ್ರಸಾದಲ್ಲಿ ಅರಬೀ ಅಕ್ಷರ ಕಲಿಯುತ್ತದೆ. ಶಾಲೆಯಲ್ಲಿ ಉರ್ದು ಅಥವಾ ಇಂಗ್ಲಿಷ್ ಮಾಧ್ಯಮ. ಜೊತೆಗೆ ನಾಡಭಾಷೆ ಕನ್ನಡ, ಬಳಿಕ ಹಿಂದಿ. ಒಂದು ಲಿಪಿ ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ. ಮನೆಯಲ್ಲಿ ಕಿವಿಗೆ ಬೀಳದ ಭಾಷೆಯಲ್ಲಿ ಒತ್ತಕ್ಷರ ತಿದ್ದಿಸುವ ಕನ್ನಡ ಮಾಸ್ತರರ, ಅಕ್ಕೋರ ತಾಳ್ಮೆ ಎಷ್ಟೆಂದು ನಾವು ಯೋಚಿಸಿದ್ದೇವೆಯೇ? ನಮ್ಮಲ್ಲಿ ಬಹುಪಾಲು ಮಂದಿಗೆ ಕನ್ನಡ ಅಕ್ಷರ ಕಲಿಸಿದವರು ಹಿಂದೂ ಶಿಕ್ಷಕರು. ಊರಿನಲ್ಲಿ ಮನಸ್ಸುಗಳು ಕಹಿಯಾಗಿದ್ದ ದಿನಗಳಲ್ಲಿಯೂ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರನ್ನು ಪ್ರೀತಿಯಿಂದ ಕೂಗಿದವರು ಅವರಲ್ಲಿದ್ದರು. ಬದ್ರ್‌ನ ಪಾಠವನ್ನು ಬಲ್ಲ ನಾವು ಆ ಋಣವನ್ನು ಮರೆಯಲಾಗದು.

ಅನೇಕ ಮನೆಗಳಲ್ಲಿ ತಂದೆ ಕೊಲ್ಲಿಯಲ್ಲಿರುತ್ತಾರೆ. ಪಾಲಕರ ಸಭೆಗೆ ತಾಯಿ ಬರುತ್ತಾರೆ, ಇಲ್ಲವೇ ಅಜ್ಜ ಬರುತ್ತಾರೆ. ಹುಡುಗನೊಬ್ಬ ದಾರಿ ತಪ್ಪುತ್ತಿರುವುದು ದುಬೈಯಲ್ಲಿರುವ ತಂದೆಗಿಂತ ಮೊದಲು ತರಗತಿಯ ಶಿಕ್ಷಕರ ಕಣ್ಣಿಗೆ ಬೀಳುತ್ತದೆ. ಇದರ ಮೇಲೆ ಸರಕಾರಿ ಶಿಕ್ಷಕರಿಗೆ ಬಿಸಿಯೂಟದ ಲೆಕ್ಕವಿದೆ. ಪಾಠೇತರ ಕೆಲಸಗಳಿಗೆ ಮಿತಿ ಹಾಕಿದ 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯ ಕರ್ತವ್ಯಗಳಿಗೆ ವಿನಾಯಿತಿ ಕೊಟ್ಟಿಲ್ಲ. ಅನುದಾನವಿಲ್ಲದ ಶಾಲೆಗಳ ಶಿಕ್ಷಕಿಯರ ಮತ್ತು ಮದ್ರಸಾದ ಉಸ್ತಾದರ ಚಿಂತೆ ಬೇರೆ. ತಿಂಗಳ ಕೊನೆಗೆ ಕೈಗೆ ಬರುವ ಹಣ ಮನೆಬಾಡಿಗೆಗೂ ಸಾಲದು. ನಮ್ಮ ಮದುವೆಗಳ ಒಂದು ರಾತ್ರಿಯ ಊಟದ ಖರ್ಚನ್ನೂ ಮಕ್ಕಳಿಗೆ ಕುರ್‌ಆನ್ ಕಲಿಸುವವರ ಒಂದು ವರ್ಷದ ವೇತನವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ತಲೆ ತಾನಾಗಿ ತಗ್ಗೀತು.

ಶಿಕ್ಷಕರಲ್ಲಿ ಕೊರತೆಗಳಿಲ್ಲವೆಂದು ನಾವು ಹೇಳುತ್ತಿಲ್ಲ. ಬೆತ್ತವನ್ನೇ ನಂಬಿದವರೂ, ಗಡಿಯಾರ ನೋಡಿ ಪಾಠ ಮುಗಿಸಿದವರೂ ಇದ್ದಾರೆ. ಆದರೆ ಗೌರವವೂ ನ್ಯಾಯವಾದ ವೇತನವೂ ಇಲ್ಲದ ವೃತ್ತಿಗೆ ಪ್ರತಿಭಾವಂತರು ಏಕೆ ಬರಬೇಕು? ನಮ್ಮ ಮಗ ಇಂಜಿನಿಯರ್ ಆಗಲಿ, ಮಗಳು ವೈದ್ಯೆಯಾಗಲಿ ಎಂದು ದುಆ ಮಾಡುವ ನಾವು, ಒಬ್ಬರಾದರೂ ಒಳ್ಳೆಯ ಶಿಕ್ಷಕರಾಗಲಿ ಎಂದು ಬೇಡಿಕೊಂಡದ್ದುಂಟೇ?

ಈ ರಜೆಯಲ್ಲಿ ಪ್ರತಿ ಮನೆಯೂ ಒಂದು ಸಣ್ಣ ಕೆಲಸ ಮಾಡಬಹುದು. ನಮಗೆ ಮೊದಲ ಅಕ್ಷರ ತಿದ್ದಿಸಿದವರು ಯಾರೆಂದು ಮಕ್ಕಳಿಗೆ ಹೇಳೋಣ. ಅವರು ಬದುಕಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ ಭೇಟಿಯಾಗೋಣ. ಇಲ್ಲವಾಗಿದ್ದರೆ ಅವರ ಹೆಸರನ್ನಾದರೂ ಬರೆದಿಡೋಣ. ಹೊನ್ನಾವರದ ಮೂವತ್ತಾರು ಶಾಲೆಗಳಿದ್ದ ಊರಿನಿಂದ ನಮಗೆ ದಕ್ಕಿದ್ದು ಒಬ್ಬ ಶಿಕ್ಷಕರ ಹೆಸರು ಮಾತ್ರ. ಉಳಿದವರ ಹೆಸರುಗಳನ್ನು ಅಲ್ಲಾಹನು ಬಲ್ಲನು. ಆದರೆ ನಮ್ಮ ಕಾಲದ ಶಿಕ್ಷಕರ ಹೆಸರುಗಳನ್ನು ಮರೆತರೆ ಆ ಹೊಣೆ ನಮ್ಮದೇ.