ರಜೆಗೆ ಮುನ್ನಿನ ವಾರಗಳು: ಕಿಂಡರ್‌ಗಾರ್ಟನ್ ಡಿಸೆಂಬರಿನ ಚರಿತ್ರೆ

ಅಮೆರಿಕದ ಕಿಂಡರ್‌ಗಾರ್ಟನ್ ತರಗತಿಗಳಲ್ಲಿ, ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದು ಡಿಸೆಂಬರ್ ಕೊನೆಯ ಚಳಿಗಾಲದ ರಜೆ ಬರುವವರೆಗಿನ ಮೂರ್ನಾಲ್ಕು ವಾರಗಳಿಗೆ ಬರಹದಲ್ಲಿಲ್ಲದ ಒಂದು ಪಾಠಕ್ರಮವೇ ಇದೆ. ಐದು ವರ್ಷದ ಮಕ್ಕಳು ಕಾಗದವನ್ನು ಮಡಿಚಿ ಕತ್ತರಿಸಿ ಹಿಮದ ಹರಳುಗಳನ್ನು ಮಾಡುತ್ತಾರೆ. ಬಣ್ಣದ ಪಟ್ಟಿಗಳನ್ನು ಅಂಟಿಸಿ ಸರಪಣಿ ಕಟ್ಟಿ, ದಿನಕ್ಕೊಂದು ಕೊಂಡಿಯನ್ನು ಹರಿದು, ರಜೆಗೆ ಉಳಿದ ದಿನಗಳನ್ನು ಎಣಿಸುತ್ತಾರೆ. ಒಲೆಯಿಂದ ಎದ್ದು ಓಡಿಹೋದ ಶುಂಠಿ ಬಿಸ್ಕತ್ತಿನ ಹುಡುಗನ ಕಥೆ ಕೇಳುತ್ತಾರೆ. ತಂದೆತಾಯಿಗೆ ಕೊಡಲು ಕೈಯಾರೆ ಏನಾದರೊಂದು ಉಡುಗೊರೆ ಸಿದ್ಧಪಡಿಸುತ್ತಾರೆ. ಮೇಲುನೋಟಕ್ಕೆ ಇದು ಪಾಠ ಮುಗಿದ ಮೇಲೆ ಹೊತ್ತು ಕಳೆಯುವ ಕೆಲಸದಂತೆ ತೋರಿದರೂ, ಕಿಂಡರ್‌ಗಾರ್ಟನ್ ಎಂಬ ವ್ಯವಸ್ಥೆ ಹುಟ್ಟಿದ್ದೇ ಇಂಥ ಕೆಲಸಗಳ ಸುತ್ತ; ವರ್ಷದ ಉಳಿದ ತಿಂಗಳುಗಳಲ್ಲಿ ಅದು ಕಳೆದುಕೊಂಡಿರುವ ಮೂಲ ಪಾಠ ಬಹುಮಟ್ಟಿಗೆ ಉಳಿದುಬಂದಿರುವುದು ಈ ಕೆಲವು ವಾರಗಳಲ್ಲಿಯೇ.

ಈ ವ್ಯವಸ್ಥೆಯನ್ನು ರೂಪಿಸಿದ ಫ್ರೀಡ್ರಿಕ್ ಫ್ರೊಬೆಲ್ 1782ರಲ್ಲಿ ಜರ್ಮನಿಯ ಥುರಿಂಗಿಯಾ ಪ್ರಾಂತದ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿ, ಒಂದು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವರು. ಅವರು ಸ್ವಿಟ್ಜರ್ಲೆಂಡಿನ ಇವರ್ಡನ್‌ನಲ್ಲಿ ಶಿಕ್ಷಣತಜ್ಞ ಪೆಸ್ಟಲೋಜಿಯ ಬಳಿ ಎರಡು ವರ್ಷ ಇದ್ದುದನ್ನು ಎಲ್ಲ ಚರಿತ್ರೆಕಾರರೂ ಹೇಳುತ್ತಾರೆ. ಆದರೆ ಮುಂದೆ ಬರ್ಲಿನ್ನಿನಲ್ಲಿ ಖನಿಜ ವಿಜ್ಞಾನಿ ಕ್ರಿಸ್ಟಿಯಾನ್ ವೈಸ್ ಅವರ ಕೈಕೆಳಗೆ ಹರಳುಗಳನ್ನು ವಿಂಗಡಿಸುವ ಕೆಲಸ ಮಾಡಿದ್ದು ಅದಕ್ಕಿಂತ ಕಡಿಮೆ ಮಹತ್ವದ್ದಲ್ಲ. ಹರಳು ಒಳಗಿನ ನಿಯಮಕ್ಕೆ ಅನುಸಾರವಾಗಿ ಹೊರಗೆ ಆಕಾರ ತಳೆಯುತ್ತದೆ, ಮಗುವಿನ ಬೆಳವಣಿಗೆಯೂ ಹಾಗೆಯೇ ಎಂಬ ನಂಬಿಕೆ ಅವರಲ್ಲಿ ಅಲ್ಲಿಂದಲೇ ಗಟ್ಟಿಯಾಯಿತು. 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದ ಅವರು 1840ರಲ್ಲಿ ಅದಕ್ಕೆ ಮಕ್ಕಳ ತೋಟ ಎಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರನ್ನು ಕೊಟ್ಟರು.

ಫ್ರೊಬೆಲ್ ಪಾಠಕ್ಕೆ ಎರಡು ಭಾಗಗಳಿದ್ದವು. ಮೊದಲನೆಯದು ಕೊಡುಗೆಗಳು: ದಾರ ಕಟ್ಟಿದ ಆರು ಬಣ್ಣದ ಉಣ್ಣೆಯ ಚೆಂಡುಗಳು, ಮರದ ಗೋಳ, ಉರುಳೆ ಮತ್ತು ಘನ, ಎಂಟು ತುಂಡುಗಳಾಗಿ ಬಿಡಿಸಿ ಮತ್ತೆ ಕೂಡಿಸಬಹುದಾದ ಘನ, ಹೀಗೆ ಕ್ರಮವಾಗಿ ಮಗುವಿನ ಕೈಗೆ ಬರುವ ಆಟದ ಸಾಮಗ್ರಿಗಳು. ಎರಡನೆಯದು ಕೈಕೆಲಸಗಳು: ಕಾಗದ ಮಡಿಚುವುದು, ಕತ್ತರಿಸುವುದು, ಸೂಜಿಯಿಂದ ಚುಚ್ಚಿ ಚಿತ್ರ ಮೂಡಿಸುವುದು, ನೆನೆದ ಬಟಾಣಿಗೆ ಕಡ್ಡಿ ಚುಚ್ಚಿ ಆಕೃತಿ ಕಟ್ಟುವುದು, ಜೇಡಿಮಣ್ಣಿನಲ್ಲಿ ರೂಪಿಸುವುದು ಮತ್ತು ಕಾಗದ ನೇಯುವುದು. ಈ ನೇಯ್ಗೆಯಲ್ಲಿ, ಅಂಚುಗಳನ್ನು ಹಾಗೆಯೇ ಬಿಟ್ಟು ನಡುವೆ ಸಮಾನ ಅಂತರದಲ್ಲಿ ಸೀಳಿದ ಚೌಕ ಹಾಳೆಯೊಂದನ್ನು ಮಗುವಿನ ಮುಂದೆ ಇಡುತ್ತಿದ್ದರು. ಮಗು ಇನ್ನೊಂದು ಬಣ್ಣದ ಪಟ್ಟಿಯನ್ನು ಚಪ್ಪಟೆ ಸೂಜಿಗೆ ಸಿಕ್ಕಿಸಿ, ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ ಹಾಯಿಸುತ್ತಿತ್ತು. ಮರುಸಾಲಿನಲ್ಲಿ ಆ ಕ್ರಮ ತಿರುಗುಮುರುಗಾಗಬೇಕು, ಇಲ್ಲದಿದ್ದರೆ ಚಾಪೆ ನಿಲ್ಲುವುದಿಲ್ಲ. ತಪ್ಪಾಗಿದ್ದರೆ ಶಿಕ್ಷಕಿ ಹೇಳಬೇಕಾಗಿರಲಿಲ್ಲ, ನೇಯ್ಗೆಯೇ ತೋರಿಸಿಕೊಡುತ್ತಿತ್ತು. ಒಂದು, ಎರಡು, ಸಮ, ಬೆಸ ಎಂಬ ಎಣಿಕೆಯನ್ನು ಬಾಯಿಪಾಠಕ್ಕೆ ಮೊದಲೇ ಬೆರಳುಗಳಿಗೆ ಕಲಿಸುವ ಈ ವಿಧಾನದಷ್ಟು ಜಾಣತನದ ಗಣಿತ ಪಾಠ ಆ ವಯಸ್ಸಿನ ಮಕ್ಕಳಿಗೆ ಇನ್ನೊಂದು ಸಿಕ್ಕುವುದು ಕಷ್ಟ.

ಇದೇ ಕಾಲದಲ್ಲಿ ಜರ್ಮನಿಯ ಪ್ರಾಟೆಸ್ಟಂಟ್ ನಾಡುಗಳಲ್ಲಿ ಅಡ್ವೆಂಟ್, ಅಂದರೆ ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಕಾಯುವ ಕಾಲ, ಮಕ್ಕಳ ಕಾಲವಾಗಿ ಹೊಸ ರೂಪ ಪಡೆಯುತ್ತಿತ್ತು. ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳಿಗಾಗಿ ಆಶ್ರಯಧಾಮ ನಡೆಸುತ್ತಿದ್ದ ಪಾದ್ರಿ ಯೋಹಾನ್ ಹಿನ್ರಿಕ್ ವಿಕೆರ್ನ್, ಹಬ್ಬ ಎಂದು ಬರುತ್ತದೆಂದು ಮಕ್ಕಳು ದಿನವೂ ಕೇಳುತ್ತಿದ್ದುದರಿಂದ, 1839ರಲ್ಲಿ ಗಾಡಿಯ ಚಕ್ರವೊಂದರ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿಯ ಮೇಣದ ಬತ್ತಿಗಳನ್ನೂ ವಾರದ ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿಗಳನ್ನೂ ನಿಲ್ಲಿಸಿ ದಿನಕ್ಕೊಂದರಂತೆ ಹಚ್ಚಿಸಿದರೆಂದು ದಾಖಲೆಯಿದೆ. ಮುಂದೆ 20ನೆಯ ಶತಮಾನದ ಆರಂಭದಲ್ಲಿ ಮ್ಯೂನಿಕ್ ನಗರದ ಮುದ್ರಕ ಗೆರ್ಹಾರ್ಡ್ ಲಾಂಗ್ ಇದೇ ಎಣಿಕೆಯನ್ನು ಅಚ್ಚಿನ ಅಡ್ವೆಂಟ್ ಕ್ಯಾಲೆಂಡರಾಗಿ ಮಾರುಕಟ್ಟೆಗೆ ತಂದರು. ಈಗಿನ ತರಗತಿಯ ಕಾಗದದ ಸರಪಣಿ ಮಾಡುತ್ತಿರುವುದೂ ಇದನ್ನೇ: ಮಗುವಿಗೆ ಎಟುಕದ ಕಾಲವನ್ನು ಕೈಯಲ್ಲಿ ಮುಟ್ಟಿ ಕಳೆಯಬಹುದಾದ ವಸ್ತುವಾಗಿಸುವುದು.

ಹಬ್ಬಕ್ಕೆ ಮಾಡುವ ಕಾಗದದ ನಕ್ಷತ್ರಗಳ ಚರಿತ್ರೆ ಇನ್ನೂ ಸ್ವಾರಸ್ಯಕರವಾಗಿದೆ. ಪೂರ್ವ ಜರ್ಮನಿಯ ಹೆರ್ನ್‌ಹುಟ್ ಊರಿನ ಹೆಸರಿನಿಂದ ಪ್ರಸಿದ್ಧವಾದ, ಒಳಗೆ ದೀಪವಿಟ್ಟು ತೂಗುಹಾಕುವ ಹಲವು ಮೊನೆಗಳ ಕಾಗದದ ನಕ್ಷತ್ರ 19ನೆಯ ಶತಮಾನದ ಮೊದಲ ಭಾಗದಲ್ಲಿ ಮೊರಾವಿಯನ್ ಪಂಥದ ವಸತಿಶಾಲೆಗಳಲ್ಲಿ ರೇಖಾಗಣಿತದ ಅಭ್ಯಾಸವಾಗಿ ಹುಟ್ಟಿತು. ಫ್ರೊಬೆಲ್ ನಕ್ಷತ್ರವೆಂದು ಕರೆಯುವ ಇನ್ನೊಂದನ್ನು ಫ್ರೊಬೆಲ್ ತಾವೇ ಕಂಡುಹಿಡಿದರೆಂಬುದಕ್ಕೆ ಆಧಾರವಿಲ್ಲ. ಆದರೂ ಅವರ ಶಾಲೆಯ ಮಡಿಕೆ ಮತ್ತು ನೇಯ್ಗೆ ಎರಡೂ ಅದರಲ್ಲಿ ಒಂದಾಗಿರುವುದರಿಂದ ಆ ಹೆಸರು ಅದಕ್ಕೆ ಸಲ್ಲತಕ್ಕದ್ದೇ. ಒಂದೇ ಅಳತೆಯ ನಾಲ್ಕು ಉದ್ದ ಪಟ್ಟಿಗಳನ್ನು ಅರ್ಧಕ್ಕೆ ಮಡಿಚಿ, ಒಂದರ ಬಾಯಿಯೊಳಗೆ ಇನ್ನೊಂದನ್ನು ತೂರಿಸಿ ನಡುವೆ ಚೌಕಾಕಾರದ ಹೆಣಿಗೆ ಬರುವಂತೆ ಎಳೆದು, ಉಳಿದ ತುದಿಗಳನ್ನು ಓರೆಯಾಗಿ ಮಡಿಚಿ ಹೆಣಿಗೆಯಡಿ ಸೇರಿಸುತ್ತ ಹೋದರೆ ಮೊದಲು ಎಂಟು ಚಪ್ಪಟೆ ಮೊನೆಗಳೂ ಆಮೇಲೆ ಎರಡೂ ಮುಖಗಳಲ್ಲಿ ಮೇಲೆದ್ದು ನಿಲ್ಲುವ ಎಂಟು ಮೊನೆಗಳೂ ಮೂಡುತ್ತವೆ. ಒಂದು ಹನಿ ಅಂಟೂ ಬೇಕಾಗದ ಈ ಹದಿನಾರು ಮೊನೆಯ ನಕ್ಷತ್ರ ಐದು ವರ್ಷದ ಕೈಗೆ ತುಸು ಕಠಿಣವೇ. ಆದುದರಿಂದ ಮಕ್ಕಳು ಸುಲಭವಾದ ಮಡಿಕೆಗಳಿಂದ ಆರಂಭಿಸುವುದು ರೂಢಿ.

ಪ್ರಷ್ಯಾದ ಸರ್ಕಾರ 1851ರ ಆಗಸ್ಟ್‌ನಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಾಸ್ತಿಕ ಮತ್ತು ಸಮಾಜವಾದಿ ವಿಚಾರಗಳ ನೆಲೆಯೆಂದು ಆರೋಪಿಸಿ ನಿಷೇಧಿಸಿತು. ಫ್ರೊಬೆಲ್ ಅವರನ್ನು ಅವರ ಸೋದರನ ಮಗ, ರಾಜಕೀಯ ಸುಧಾರಕ ಕಾರ್ಲ್ ಫ್ರೊಬೆಲ್ ಜೊತೆ ಸೇರಿಸಿ ಗೊಂದಲ ಮಾಡಿಕೊಂಡದ್ದೂ ಇದಕ್ಕೆ ಕಾರಣವಾಯಿತು. ಮರುವರ್ಷವೇ ತೀರಿಕೊಂಡ ಅವರು, 1860ರಲ್ಲಿ ಆ ನಿಷೇಧ ತೆರವಾದುದನ್ನು ನೋಡಲಿಲ್ಲ. ಆದರೆ 1848ರ ಕ್ರಾಂತಿ ಸೋತ ಮೇಲೆ ದೇಶ ಬಿಟ್ಟ ಜರ್ಮನರ ಜೊತೆ ಅವರ ವಿಚಾರ ಕಡಲಾಚೆಗೆ ಹೋಗಿತ್ತು. 1856ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವಾಟರ್‌ಟೌನ್‌ನಲ್ಲಿ ಮಾರ್ಗರೆಟೆ ಶುರ್ಟ್ಸ್ ಜರ್ಮನ್ ಭಾಷೆಯ ಕಿಂಡರ್‌ಗಾರ್ಟನ್ ನಡೆಸಿದರು. 1860ರಲ್ಲಿ ಎಲಿಜಬೆತ್ ಪೀಬಡಿ ಬಾಸ್ಟನ್ನಿನಲ್ಲಿ ಇಂಗ್ಲಿಷ್ ಭಾಷೆಯದೊಂದನ್ನು ಆರಂಭಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಕಿಂಡರ್‌ಗಾರ್ಟನ್ ಇಂಗ್ಲಿಷ್ ಭಾಷೆಯಲ್ಲಿ ಆರಂಭವಾದ ಬಾಸ್ಟನ್ ಇರುವ ನ್ಯೂ ಇಂಗ್ಲೆಂಡ್ ಪ್ರಾಂತಕ್ಕೆ ಕ್ರಿಸ್‌ಮಸ್ ಸಂಭ್ರಮ ಆಗಿನ್ನೂ ಹೊಸದಾಗಿತ್ತು. ಹಬ್ಬದ ಆಚರಣೆಗೆ ಬೈಬಲ್ಲಿನಲ್ಲಿ ಆಧಾರವಿಲ್ಲವೆಂದು ವಾದಿಸಿದ ಪ್ಯೂರಿಟನ್ನರು 1659ರಿಂದ 1681ರವರೆಗೆ ಮ್ಯಾಸಚೂಸೆಟ್ಸ್‌ನಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಹಾಕುವ ಕಾನೂನನ್ನೇ ಇಟ್ಟಿದ್ದರು. ಆ ರಾಜ್ಯದಲ್ಲಿ ಅದು ಸಾರ್ವಜನಿಕ ರಜೆಯಾದುದು 1856ರಷ್ಟು ತಡವಾಗಿ. ಅಲಂಕರಿಸಿದ ಮರ, ಕಾಗದದ ನಕ್ಷತ್ರ, ಮಕ್ಕಳೇ ಮಾಡಿದ ಉಡುಗೊರೆ ಇವೆಲ್ಲ ಜರ್ಮನ್ ಮನೆಗಳಿಂದ ಬಂದ ರೂಢಿಗಳಾಗಿದ್ದು, ಕಿಂಡರ್‌ಗಾರ್ಟನ್ ಅವುಗಳಿಗೆ ಶಾಲೆಯ ಬಾಗಿಲು ತೆರೆಯಿತು. ಜರ್ಮನ್ ವಲಸಿಗರು ದೊಡ್ಡ ಸಂಖ್ಯೆಯಲ್ಲಿದ್ದ ಸೇಂಟ್ ಲೂಯಿಸ್ ನಗರದಲ್ಲಿ 1873ರಲ್ಲಿ ಸೂಸನ್ ಬ್ಲೋ ಮತ್ತು ಶಾಲಾಧಿಕಾರಿ ವಿಲಿಯಮ್ ಹ್ಯಾರಿಸ್ ಅದನ್ನು ಸಾರ್ವಜನಿಕ ಶಾಲೆಯ ಅಂಗವಾಗಿಸಿದರು. ಕಾರ್ಮಿಕರ ಮಕ್ಕಳು ಬೇಗನೆ ಶಾಲೆ ಬಿಟ್ಟು ದುಡಿಮೆಗೆ ಹೋಗುತ್ತಿದ್ದುದರಿಂದ, ಅವರನ್ನು ಬೇಗನೆ ಶಾಲೆಗೆ ತಂದರೆ ಕಲಿಕೆಯ ವರ್ಷಗಳು ಹೆಚ್ಚುತ್ತವೆ ಎಂಬುದು ಹ್ಯಾರಿಸ್ ಲೆಕ್ಕಾಚಾರ. ಸ್ಯಾನ್ ಫ್ರಾನ್ಸಿಸ್ಕೊದ ಸಿಲ್ವರ್ ಸ್ಟ್ರೀಟ್‌ನಲ್ಲಿ ಬಡ ಮಕ್ಕಳಿಗಾಗಿ 1878ರಲ್ಲಿ ಕಿಂಡರ್‌ಗಾರ್ಟನ್ ತೆರೆದ ಕೇಟ್ ಡಗ್ಲಸ್ ವಿಗಿನ್, ಅದಕ್ಕೆ ಹಣ ಕೂಡಿಸಲೆಂದೇ 1887ರಲ್ಲಿ ಬರೆದು ಅಚ್ಚು ಹಾಕಿಸಿದ ಪುಸ್ತಕ ಒಂದು ಕ್ರಿಸ್‌ಮಸ್ ಕಥೆ. ಹಬ್ಬವೂ ಈ ಶಾಲೆಯೂ ಒಂದನ್ನೊಂದು ಎಷ್ಟರಮಟ್ಟಿಗೆ ಸಾಕಿದವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಹಿಮದ ಹರಳು ಈ ಪಾಠದಲ್ಲಿ ಇಷ್ಟು ಗಟ್ಟಿಯಾಗಿ ನೆಲೆನಿಂತಿರುವುದಕ್ಕೆ ವಿಜ್ಞಾನದ ಬೆಂಬಲವೂ ಇದೆ. ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಹಳ್ಳಿಯ ರೈತ ವಿಲ್ಸನ್ ಬೆಂಟ್ಲಿ, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ 1885ರ ಜನವರಿಯಲ್ಲಿ ಹಿಮದ ಒಂದೇ ಹರಳಿನ ಛಾಯಾಚಿತ್ರ ತೆಗೆದು, ಜೀವಮಾನದಲ್ಲಿ ಅಂಥ 5,000ಕ್ಕೂ ಹೆಚ್ಚು ಚಿತ್ರಗಳನ್ನು ಸಂಗ್ರಹಿಸಿದರು. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಆರು ಕೋನಗಳ ಜೋಡಣೆಗೆ ಬರುವುದರಿಂದ ಹರಳಿಗೆ ಆರು ತೋಳು. ಆದುದರಿಂದ ಕಾಗದವನ್ನು ಅರ್ಧಕ್ಕೆ ಮಡಿಚಿ, ಆ ಮಡಿಕೆಯನ್ನು ಮತ್ತೆ ಮೂರು ಸಮಭಾಗ ಮಾಡಿ ಕತ್ತರಿಸಿದ ಮಗು ಬಿಡಿಸಿ ನೋಡಿದಾಗ ಕಾಣುವುದು ಪ್ರಕೃತಿಯ ನಿಯಮವನ್ನೇ. ಹರಳುಗಳನ್ನು ವಿಂಗಡಿಸಿದ ಫ್ರೊಬೆಲ್ ಮೆಚ್ಚಬಹುದಾಗಿದ್ದ ಪಾಠ ಇದು. ಕಾಗದವನ್ನು ಎಂಟು ಪದರವಾಗಿ ಮಡಿಸಿ ಎಂಟು ತೋಳಿನ ಹಿಮ ಮಾಡಿಸುವ ತರಗತಿಗಳೂ ಉಂಟು. ನೋಡಲು ಅವೂ ಚೆಲುವಾಗಿದ್ದರೂ ಪಾಠ ಮಾತ್ರ ಅಲ್ಲಿ ತಪ್ಪಿಹೋಗುತ್ತದೆ.

1962 ಮತ್ತು 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸಾರ್ವಜನಿಕ ಶಾಲೆ ಏರ್ಪಡಿಸುವ ಪ್ರಾರ್ಥನೆ ಮತ್ತು ಬೈಬಲ್ ಪಠಣವನ್ನು ಸಂವಿಧಾನಬಾಹಿರವೆಂದು ತೀರ್ಪಿತ್ತ ಮೇಲೆ ಈ ವಾರಗಳ ಸ್ವರೂಪ ಬದಲಾಗತೊಡಗಿತು. ದಕ್ಷಿಣ ಡಕೋಟಾದ ಸೂ ಫಾಲ್ಸ್ ನಗರದಲ್ಲಿ 1977ರ ಕಿಂಡರ್‌ಗಾರ್ಟನ್ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಮಕ್ಕಳಿಂದ ಏಸುವಿನ ಜನನದ ಕುರಿತ ಪ್ರಶ್ನೋತ್ತರ ಹೇಳಿಸಿದ್ದು ವಿವಾದವಾಗಿ, ಶಾಲಾಮಂಡಳಿ ಹೊಸ ನಿಯಮಗಳನ್ನು ರೂಪಿಸಿತು. ಧಾರ್ಮಿಕ ಸಂಗೀತ, ಸಂಕೇತಗಳನ್ನು ಸಂಸ್ಕೃತಿ ಪರಂಪರೆಯ ಭಾಗವಾಗಿ ವಿವೇಚನೆಯಿಂದ ಬಳಸಲು ಅವಕಾಶವಿತ್ತ ಆ ನಿಯಮಗಳನ್ನು 1980ರಲ್ಲಿ ಎಂಟನೆಯ ವಲಯದ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಕ್ರಿಸ್‌ಮಸ್ ರಜೆ ಬಹಳ ಕಡೆ ಚಳಿಗಾಲದ ರಜೆಯಾಯಿತು. ಯಹೂದಿಗಳ ಹನುಕ್ಕಾ ದೀಪಗಳು, 1966ರಲ್ಲಿ ಆರಂಭವಾದ ಆಫ್ರಿಕನ್ ಅಮೆರಿಕನ್ನರ ಕ್ವಾನ್ಜಾ ಹಬ್ಬ, ಹಿಮ, ಶುಂಠಿ ಬಿಸ್ಕತ್ತು ಇವು ಪಾಠಕ್ಕೆ ಬಂದವು. ಈಗ ಆ ದೇಶದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಮನೆಗೆ ತರುವ ಡಿಸೆಂಬರ್ ಕೈಕೆಲಸ ಈ ಬದಲಾದ ಪಾಠದ ಫಲ. ಈ ವಿಸ್ತಾರ ನ್ಯಾಯವಾದುದು. ಫ್ರೊಬೆಲ್ ಪಾಠದ ತಿರುಳು ಕೈಗಳ ಕೆಲಸದಲ್ಲಿದ್ದುದರಿಂದ, ಒಂದೇ ಹಬ್ಬದ ಹಿಡಿತ ಸಡಿಲವಾದಾಗ ಅದಕ್ಕೆ ನಷ್ಟವೇನೂ ಆಗಲಿಲ್ಲ.

ನಷ್ಟವಾದುದು ಬೇರೆ ಕಡೆಯಿಂದ. ಮಿಲ್ಟನ್ ಬ್ರಾಡ್ಲಿ 1869ರಿಂದ ಫ್ರೊಬೆಲ್ ಸಾಮಗ್ರಿಯನ್ನು ಕಾರ್ಖಾನೆಯಲ್ಲಿ ತಯಾರಿಸಿದ್ದು ಶಾಲೆಗಳಿಗೆ ಉಪಕಾರವೇ ಆಗಿತ್ತು. ಆದರೆ ಸಿದ್ಧವಾಗಿ ಕತ್ತರಿಸಿಟ್ಟ ತುಂಡುಗಳನ್ನು ತೋರಿಸಿದ ಜಾಗದಲ್ಲಿ ಅಂಟಿಸಿ, ಎಲ್ಲರೂ ಒಂದೇ ಬಗೆಯ ಹಿಮಮಾನವನನ್ನು ಮನೆಗೊಯ್ಯುವ ಈಚಿನ ಪದ್ಧತಿಯಲ್ಲಿ ಮಗು ಅಳೆಯುವುದೂ ಇಲ್ಲ, ಎಣಿಸುವುದೂ ಇಲ್ಲ, ತಪ್ಪುವುದೂ ಇಲ್ಲ.

ಕರ್ನಾಟಕದ ಶಾಲೆಗಳ ದೊಡ್ಡ ರಜೆಗಳು ದಸರೆಗೂ ಬೇಸಿಗೆಗೂ ಬರುತ್ತವೆ. ಡಿಸೆಂಬರಿನ ಈ ಸಂಭ್ರಮ ಇಲ್ಲಿ ಕ್ರೈಸ್ತ ಸಂಸ್ಥೆಗಳ ಶಾಲೆಗಳಲ್ಲಿಯೇ ಹೆಚ್ಚು. ಆದರೆ ಕಾಗದ ಮಡಿಚುವ ಪಾಠದೊಡನೆ ದಕ್ಷಿಣ ಭಾರತಕ್ಕೆ ಹಳೆಯ ಸಂಬಂಧವಿದೆ. ಕಿಂಡರ್‌ಗಾರ್ಟನ್ನಿನ ಎಂಟನೆಯ ಕೊಡುಗೆಯೆಂದು ಮಾರಾಟವಾಗುತ್ತಿದ್ದ ಮಡಿಚುವ ಕಾಗದಗಳಿಂದಲೇ ಪ್ರೇರಣೆ ಪಡೆದ ಟಿ. ಸುಂದರ ರಾವ್, ಅಳತೆಪಟ್ಟಿ ಕೈವಾರಗಳಿಲ್ಲದೆ ಬರಿಯ ಮಡಿಕೆಗಳಿಂದ ರೇಖಾಗಣಿತವನ್ನು ಕಲಿಸುವ ಇಂಗ್ಲಿಷ್ ಪುಸ್ತಕವನ್ನು 1893ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದರು. ಜರ್ಮನ್ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಉಲ್ಲೇಖಿಸಿದ ಮೇಲೆ 1901ರಲ್ಲಿ ಅದರ ಅಮೆರಿಕನ್ ಆವೃತ್ತಿ ಷಿಕಾಗೊದಿಂದ ಹೊರಬಂತು. ನಮ್ಮ ಅಂಗನವಾಡಿ ಕಾರ್ಯಕರ್ತೆಯರ ಮತ್ತು ಶಿಶುವಿಹಾರದ ಶಿಕ್ಷಕಿಯರ ತರಬೇತಿಯಲ್ಲಿ ಈ ಪುಸ್ತಕದ ಮೊದಲ ಕೆಲವು ಮಡಿಕೆಗಳಾದರೂ ಸೇರಬೇಕು. ಅದಕ್ಕೆ ಬೇಕಾದುದು ಒಂದು ಚೌಕ ಕಾಗದ ಮಾತ್ರ.